ಖೈರಾ ಖಾಲಾಗೆ ಕೊಟ್ಟ ಉದಾಹರಣೆ

ಆ ಪದ ಮತ್ತೆ ಖೈರಾ ಖಾಲಾರ ಗೋಡೆಗೆ ಬಂದಿದೆ ಎಂದು ನನಗೆ ತಿಳಿದದ್ದು ಬೆಳಗಿನ ಪ್ರಾರ್ಥನೆ ಮುಗಿದು ಮಕ್ಕಳು ತರಗತಿಗಳಿಗೆ ಹೋಗುತ್ತಿದ್ದಾಗ. ಅವರ ಸೊಸೆ ತಸ್ನೀಮ್ ಶಾಲೆಯ ಗೇಟಿನ ಹೊರಗೆ ನಿಂತು, ಒಳಗೆ ಬರದೆ, ಸುಮ್ಮನೆ ಕೈ ಎತ್ತಿದಳು. ನಮ್ಮ ಊರಿನಲ್ಲಿ ಯಾರಾದರೂ ಹಾಗೆ ಮಾತಿಲ್ಲದೆ ಕೈ ಎತ್ತಿದರೆ ಅರ್ಥ ಒಂದೇ. ಏಳನೇ ತರಗತಿಯವರಿಗೆ ಹಿಂದಿನ ಪಾಠ ಓದಿಕೊಳ್ಳಲು ಹೇಳಿ, ಕೈಗೆ ಅಂಟಿದ ಸೀಮೆಸುಣ್ಣ ತೊಳೆದುಕೊಂಡು, ಬಿಸಿಲಿಗೆ ಛತ್ರಿ ಹಿಡಿದು ಹೊರಟೆ.

ಪದ ಇಂಗ್ಲಿಷಿನದು: ಅನ್‌ಕ್ವಾಲಿಫೈಡ್. ಯಾವುದೋ ಬೆಳಿಗ್ಗೆ, ಯಾವುದೋ ಮನೆಯ ಬಾಗಿಲ ಪಕ್ಕದಲ್ಲಿ, ಆಳೆತ್ತರಕ್ಕೆ, ನೀಲಿ ಅಕ್ಷರಗಳಲ್ಲಿ ಬಂದಿರುತ್ತದೆ. ಕೆಳಗೆ ಆ ಮನೆಯ ಒಬ್ಬರ ಹೆಸರು ಇರುತ್ತದೆ. ಸುಣ್ಣ ಬಳಿದರೆ ಸುಣ್ಣದ ಮೇಲೆ ಮೂಡುತ್ತದೆ, ಗಾರೆ ಕೆತ್ತಿದರೆ ಇಟ್ಟಿಗೆಯ ಮೇಲೆ ಮೂಡುತ್ತದೆ. ಗೋಡೆಯ ಮೇಲೆ ಇರುವಷ್ಟು ಹೊತ್ತು ಅದರಿಂದ ಏನೂ ಆಗುವುದಿಲ್ಲ. ಹೆಸರಿನವರಿಗೆ ಅದರ ಅರ್ಥ ಅವರ ಮನೆಮಾತಿನಲ್ಲಿ ನಿಜವಾಗಿ ತಿಳಿದ ಕ್ಷಣ ಅವರಿಂದ ಒಂದು ವಿದ್ಯೆ ಹೋಗುತ್ತದೆ, ಅಕ್ಷರಗಳು ಆರುತ್ತವೆ. ಮುಂದಿನ ಸಂತೆಯೊಳಗೆ ಅರ್ಥ ತಿಳಿಯದಿದ್ದರೆ ಅಕ್ಷರಗಳು ಗೋಡೆಗುಂಟ ಹರಿದು ಪಕ್ಕದ ಮನೆ ಸೇರುತ್ತವೆ. ಅಲ್ಲಿ ಅವು ಅರ್ಥಕ್ಕಾಗಿ ಕಾಯುವುದಿಲ್ಲ. ಆ ಮನೆಯ ಮುಖ್ಯ ಕೆಲಸವನ್ನೇ ತೆಗೆದುಕೊಳ್ಳುತ್ತವೆ. ಕಮಾನು ಗಲ್ಲಿಯ ಬೇಕರಿಯ ಒಲೆ ತಣ್ಣಗಾದದ್ದು ಹಾಗೆ. ಪದ ಬಂದದ್ದು ಪಕ್ಕದ ಕಲಾಯಿ ಹಾಕುವವನಿಗೆ. ಅವನು ಹೆದರಿ ಕಿವಿಗೆ ಹತ್ತಿ ತುರುಕಿಕೊಂಡು ಕೂತ. ಸಂತೆಯ ಮರುದಿನ ಬೇಕರಿಯವನು ಹಿಟ್ಟಿನ ಮುಂದೆ ನಿಂತು, ಇದನ್ನು ಏನು ಮಾಡಬೇಕು ಎಂದು ಹೆಂಡತಿಯನ್ನು ಕೇಳಿದ. ಆಮೇಲೆ ಯಾರೂ ಕಿವಿ ಮುಚ್ಚಿಕೊಂಡಿಲ್ಲ.

ಹೀಗಾಗಿ ಊರಿನ ಪ್ರತಿ ಬೀದಿಗೂ ಅರ್ಥ ಹೇಳುವವರೊಬ್ಬರು ಇದ್ದಾರೆ. ಉರ್ದು ಮಾತನಾಡುವ ಕಮಾನು ಗಲ್ಲಿಗೆ ನಾನು. ನನ್ನ ಮನೆಮಾತು ಕನ್ನಡ, ಓದಿದ್ದು ರಸಾಯನಶಾಸ್ತ್ರ. ಉರ್ದು ಶಾಲೆಗೆ ವಿಜ್ಞಾನದ ಮೇಷ್ಟರು ಸಿಗದೆ ನನ್ನನ್ನು ಹಾಕಿದರು. ಮಕ್ಕಳ ಜೊತೆಗೆ ನಾನೂ ಅಲಿಫ್ ಬೇ ಕಲಿತೆ. ದ್ಯುತಿಸಂಶ್ಲೇಷಣೆಗೆ ಜಿಯಾಯಿ ತಾಲೀಫ್ ಎನ್ನಬೇಕೆಂದು ಕಲಿತ ದಿನ ಎರಡು ಭಾಷೆಗಳೂ ಎಲೆಯ ವಿಷಯದಲ್ಲಿ ಒಂದೇ ರೀತಿ ಕಷ್ಟ ಕೊಡುತ್ತವೆ ಅನ್ನಿಸಿತ್ತು. ಮೊದಲು ಅರ್ಥ ಹೇಳುತ್ತಿದ್ದ ಮುನ್ಷಿ ಸಾಹೇಬರಿಗೆ ಕಣ್ಣು ಮಂಜಾದ ಮೇಲೆ ಇಂಗ್ಲಿಷೂ ಉರ್ದುವೂ ಗೊತ್ತಿದ್ದವನು ಗಲ್ಲಿಯಲ್ಲಿ ನಾನೊಬ್ಬನೇ ಉಳಿದೆ.

ಒಂದು ಪದಕ್ಕೆ ಇನ್ನೊಂದು ಪದ ಹೇಳಿದರೆ ಸಾಲದೇ ಎಂದು ಹೊರಗಿನವರು ಕೇಳಬಹುದು. ಸಾಲದು. ನಾಲಾಯಕ್ ಎಂದರೆ ಯಾರಿಗೂ ತಟ್ಟುವುದಿಲ್ಲ. ಹಾಲು ಚೆಲ್ಲಿದ್ದಕ್ಕೆ, ಚಪ್ಪಲಿ ಕಳೆದುಕೊಂಡದ್ದಕ್ಕೆ ಅಮ್ಮಂದಿರು ಹುಟ್ಟಿದಾಗಿನಿಂದ ಹೇಳುವ ಮಾತು ಅದು, ಅರ್ಧ ಮುದ್ದು. ನಾಅಹಲ್ ಎಂದರೆ ಪತ್ರಿಕೆಯ ಮಾತು. ಅದನ್ನು ಕೇಳಿದವರು ಯಾರೋ ಮಂತ್ರಿಯ ವಿಷಯವಿರಬೇಕು ಎಂದು ತಲೆಯಾಡಿಸುತ್ತಾರೆ. ಎರಡನ್ನೂ ಕೇಳಿದ ಮೇಲೆ ಎಲ್ಲರೂ ಕೇಳುವ ಪ್ರಶ್ನೆ ಮಾತ್ರ ಒಂದೇ: ಯಾವುದಕ್ಕೆ? ಯಾವ ಕೆಲಸಕ್ಕೆ ಯೋಗ್ಯತೆ ಇಲ್ಲ? ಗೋಡೆ ಅದನ್ನು ಹೇಳುವುದಿಲ್ಲ. ಇಷ್ಟು ತೂಕ ಎಂದು ಬರೆದು, ಯಾವುದರ ತೂಕ ಎಂದು ಬರೆಯದೆ ಬಿಟ್ಟ ಹಾಗೆ ಅದು. ಆದ್ದರಿಂದ ಉದಾಹರಣೆ ಕೊಡಲೇಬೇಕು. ಕೊಟ್ಟ ಉದಾಹರಣೆಯಲ್ಲಿ ಯಾವ ವಿದ್ಯೆಯ ಹೆಸರು ಬರುತ್ತದೋ ಹೋಗುವುದು ಅದೇ. ಮುನ್ಷಿ ಸಾಹೇಬರು ಆರಂಭದಲ್ಲಿ ಇದನ್ನು ಅರಿಯದೆ, ಒಬ್ಬ ದರ್ಜಿಗೆ, ಹೊಲಿಯಲು ಬಾರದ ದರ್ಜಿಯ ಹಾಗೆ ಎಂದು ಅರ್ಥ ಹೇಳಿಬಿಟ್ಟಿದ್ದರಂತೆ. ಆ ದರ್ಜಿ ಈಗಲೂ ಸಂತೆಯಲ್ಲಿ ಬೆಳ್ಳುಳ್ಳಿ ಮಾರುತ್ತಾನೆ, ಅಂಗಿಯ ಗುಂಡಿ ಕಿತ್ತುಹೋದರೆ ಪಿನ್ನು ಚುಚ್ಚಿಕೊಳ್ಳುತ್ತಾನೆ.

ಅಲ್ಲಿಂದ ಗಲ್ಲಿಯಲ್ಲಿ ಒಂದು ಪದ್ಧತಿ ಬೆಳೆಯಿತು. ಮಕ್ಕಳಿಗೆ ಓದು ಕಲಿಸುವ ಮೊದಲೇ, ಹೋದರೂ ಪರವಾಗಿಲ್ಲ ಎನ್ನುವಂಥ ವಿದ್ಯೆಗಳನ್ನು ಕಲಿಸುತ್ತಾರೆ. ಸಿಳ್ಳೆ ಹಾಕುವುದು, ಬುಗುರಿ ಆಡಿಸುವುದು, ಕಾಗದದಲ್ಲಿ ಗಿಳಿ ಮಡಿಸುವುದು. ಕಂಟಕ ಕಳೆಯಲೆಂದು ಕರಿಕೋಳಿಯನ್ನು ನಿವಾಳಿಸಿ ದಾನ ಕೊಡುವುದಕ್ಕೆ ಸದಖಾ ಎನ್ನುತ್ತಾರಲ್ಲ, ಇವೂ ಸದಖಾದ ವಿದ್ಯೆಗಳೇ. ಪದ ಬಂದಾಗ ಮನೆಯವರು ಕೂತು ಯಾವುದನ್ನು ಕೊಡುವುದು ಎಂದು ಮಾತಾಡಿಕೊಳ್ಳುತ್ತಾರೆ, ನನಗೆ ಹೇಳುತ್ತಾರೆ, ನಾನು ಅದೇ ಉದಾಹರಣೆ ಕೊಡುತ್ತೇನೆ. ಸಂಜೆ ಒಬ್ಬ ಹುಡುಗ ತುಟಿ ಮುಂದೆ ಮಾಡಿ ಬರೀ ಗಾಳಿ ಊದುತ್ತಾನೆ, ಉಳಿದವರು ನಗುತ್ತಾರೆ. ಅಷ್ಟಕ್ಕೇ ಮುಗಿಯುತ್ತದೆ. ಆದರೆ ಪದ ಕೆಲವರ ಮನೆಗೆ ಪದೇ ಪದೇ ಬರುತ್ತದೆ. ಏಕೆ ಎಂದು ಗೊತ್ತಿಲ್ಲ. ದಾನಕ್ಕೆ ಇಟ್ಟ ಕೋಳಿಗಳು ಮುಗಿದ ಮೇಲೆ ಏನು ಮಾಡಬೇಕು ಎಂಬುದನ್ನು ಪದ್ಧತಿ ಯೋಚಿಸಿರಲಿಲ್ಲ.

ಖೈರಾ ಖಾಲಾ ನಮ್ಮ ಊರಿನ ಮುಸಲ್ಮಾನ ಹೆಂಗಸರು ತೀರಿಕೊಂಡರೆ ಅವರಿಗೆ ಕೊನೆಯ ಸ್ನಾನ ಮಾಡಿಸುವವರು. ಈ ಕೆಲಸ ಬಲ್ಲವರು ಬೇರೆ ಇಬ್ಬರಿದ್ದರು. ಒಬ್ಬರು ತೀರಿಕೊಂಡರು, ಇನ್ನೊಬ್ಬರ ವಿದ್ಯೆಯನ್ನು ಪಕ್ಕದ ಮನೆಯಿಂದ ಹರಿದು ಬಂದ ಪದ ತೆಗೆದುಕೊಂಡಿತ್ತು. ನಾನು ಹೋದಾಗ ಖಾಲಾ ಅಂಗಳದಲ್ಲಿ ಗೋಣಿತಟ್ಟಿನ ಮೇಲೆ ಬೋರೆ ಎಲೆ ಹರಡುತ್ತಿದ್ದರು. ಸ್ನಾನದ ನೀರಿಗೆ ಹಾಕಿ ಕಾಯಿಸುವ ಎಲೆ ಅದು. ಅವರ ಹಿಂದೆ ಬಾಗಿಲ ಪಕ್ಕದ ಗೋಡೆಯ ಮೇಲೆ ನೀಲಿ ಅಕ್ಷರಗಳು ಹಸಿಯಾಗಿ ಹೊಳೆಯುತ್ತಿದ್ದವು.

"ಬನ್ನಿ ಮಾಸ್ಟರ್," ಎಂದರು. ಅವರು ಆಡಿದ್ದು ಅವರ ಉರ್ದುವಿನಲ್ಲಿ, ನಾನು ಬರೆಯುತ್ತಿರುವುದು ನನ್ನ ಕನ್ನಡದಲ್ಲಿ. "ಈ ಪದಕ್ಕೆ ನನ್ನ ಮೇಲೆ ಅದೇನು ಪ್ರೀತಿಯೋ. ನನ್ನ ಗಂಡನೂ ಇಷ್ಟು ಸಲ ಈ ಬಾಗಿಲಿಗೆ ಬರ್ಲಿಲ್ಲ."

"ಅವನು ಬಂದಾಗೆಲ್ಲ ನೀನು ಬಾಗ್ಲು ಹಾಕ್ಕೊಂಡಿರ್ತಿದ್ಯಲ್ಲ!" ಎಂದು ಗೋಡೆಯೊಳಗಿನಿಂದ ದನಿ ಬಂತು, ಹಿಂದೆಯೇ ಉದ್ದನೆಯ ಕೆಮ್ಮು.

ಪಕ್ಕದ ಮನೆಯ ಜೈತೂನ್ ಬೀ. ಬಳೆ ತೊಡಿಸುವವರು. ಎರಡು ಅಂಗಳಗಳ ನಡುವಿನ ಗೋಡೆಯಲ್ಲಿ ಒಂದು ಇಟ್ಟಿಗೆ ತೆಗೆದು ಮಾಡಿದ ಕಿಂಡಿಯಿತ್ತು. ಸಾರು, ಬೆಂಕಿಕೆಂಡ, ಚಾಡಿ ಎಲ್ಲವೂ ಅದರಲ್ಲೇ ಓಡಾಡುತ್ತಿದ್ದವು. ಇಬ್ಬರೂ ಇದೇ ಗಲ್ಲಿಯಲ್ಲಿ ಹುಟ್ಟಿದವರು, ಒಟ್ಟಿಗೆ ಸಿಳ್ಳೆ ಕಲಿತವರು. ಈಗ ಜೈತೂನ್ ಬೀ ಉಸಿರಿನ ಕಾಯಿಲೆಯಿಂದ ಮಂಚ ಹಿಡಿದಿದ್ದರು. ಡಾಕ್ಟರು ಔಷಧಿ ಬರೆಯುವುದನ್ನು ನಿಲ್ಲಿಸಿದ್ದರು. ಮಂಚವನ್ನು ಕಿಂಡಿಗೆ ಒತ್ತಿ ಹಾಕಿಸಿಕೊಂಡಿದ್ದರು.

"ನೀನು ಸಾಯೋ ಕೆಲ್ಸ ನೋಡ್ಕೋ," ಎಂದರು ಖಾಲಾ ಕಿಂಡಿಯ ಕಡೆಗೆ. "ಅದನ್ನಾದ್ರೂ ನೆಟ್ಟಗೆ ಮಾಡು."

"ಮಾಡ್ತೀನಿ. ನೀರು ಮಾತ್ರ ಬೆಚ್ಚಗಿರ್ಲಿ. ತಣ್ಣೀರು ಹಾಕಿದ್ಯೋ, ಎದ್ದು ಕೂತ್ಕೋತೀನಿ."

"ನಕ್ಕೋ ಮಾರಾಯ್ತಿ, ಏಳ್ಬೇಡ. ಮುಂಗೈ ಮೇಲೆ ಹಾಕ್ಕೊಂಡು ನೋಡೇ ಹಾಕ್ತೀನಿ. ಯಾವತ್ತಾದ್ರೂ ಯಾರಾದ್ರೂ ತಣ್ಣಗಿತ್ತು ಅಂತ ಬಂದು ಹೇಳಿದ್ದಾರಾ?"

ಇಬ್ಬರೂ ನಕ್ಕರು. ನಾನು ಗೋಡೆಯನ್ನು ನೋಡಿದೆ. ಅಕ್ಷರಗಳಿಗೂ ಕಿಂಡಿಗೂ ನಡುವೆ ಹೆಚ್ಚು ಗೋಡೆ ಇರಲಿಲ್ಲ. ಸಂತೆ ಮರುದಿನವೇ ಇತ್ತು. ಖಾಲಾಗೆ ಅರ್ಥ ಹೇಳದೆ ಬಿಟ್ಟರೆ ಪದ ಜೈತೂನ್ ಬೀಯ ಮನೆಗೆ ಹೋಗುತ್ತದೆ. ಆ ಮನೆಯಲ್ಲಿ ಅವರೊಬ್ಬರೇ. ಅವರು ಮಾಡುತ್ತಿದ್ದ ಕೆಲಸ ಉಸಿರಾಡುವುದೊಂದೇ.

ತಸ್ನೀಮ್ ಚಹಾ ತಂದಿಟ್ಟು ಕಂಬಕ್ಕೆ ಒರಗಿ ಕೂತಳು. ಲೆಕ್ಕ ಹಾಕತೊಡಗಿದೆವು. ಸಿಳ್ಳೆ ಎಂದೋ ಹೋಗಿತ್ತು. ಬಾವಿಯ ಈಜು ಹೋಗಿತ್ತು. ಗಾಳಿಪಟ ಹೋಗಿತ್ತು. ಕಳೆದ ಸಲ ಕಸೂತಿ ಕೊಟ್ಟಿದ್ದರು. ಮೊಮ್ಮಗಳಿಗೆಂದು ಅರ್ಧ ಮಾಡಿದ್ದ ಕುಲಾಯಿ ಇನ್ನೂ ಮೊಳೆಗೆ ತೂಗುತ್ತಿತ್ತು, ಸೂಜಿ ಅದರಲ್ಲೇ ಚುಚ್ಚಿಕೊಂಡು.

"ಬೈಯೋದು ಕೊಟ್ಬಿಡಿ ಅಮ್ಮೀ," ಎಂದಳು ತಸ್ನೀಮ್. "ಮನೆಗೂ ಒಳ್ಳೇದು."

"ಅದು ಹೋದ್ರೆ ನಿನ್ನ ಗಂಡ ಬೆಳಿಗ್ಗೆ ಏಳೋದು ಯಾರ ಮಾತಿಗೆ? ನೀನು ಎಬ್ಬಿಸ್ತೀಯಾ, ರಾಣಿಸಾಬ್?"

"ಹುಣಸೆಮರ ಹತ್ತೋದು ಬರ್ತಿತ್ತು ಅಂತ ಹೇಳಿದ್ರಿ ಒಂದ್ಸಲ," ಎಂದೆ ನಾನು.

"ಅದನ್ನ ಮಂಡಿ ಆಗ್ಲೇ ತಗೊಂಡಾಯ್ತು, ಮಾಸ್ಟರ್."

ನಾನು ಹೇಳಬೇಕಾದದ್ದನ್ನು ಹೇಳಿದೆ. ಇಲ್ಲದ ವಿದ್ಯೆಯನ್ನು ಕೊಡಲು ಬರುವುದಿಲ್ಲ. ಕಲಿತದ್ದಾಗಿರಬೇಕು, ಈಗಲೂ ಚೆನ್ನಾಗಿ ಬರುತ್ತಿರಬೇಕು, ಹೋದರೆ ಹೋಯಿತು ಎಂದು ಗೊತ್ತಾಗಬೇಕು. ಇಲ್ಲದಿದ್ದರೆ ಅರ್ಥ ತಟ್ಟುವುದಿಲ್ಲ. ಅಡುಗೆಯ ಮಾತು ಬಂತು. ಅವಳ ಗಂಜಿ ಬಿಟ್ಟು ಬೇರೇನೂ ನನ್ನ ಗಂಟಲಲ್ಲಿ ಇಳಿಯುವುದಿಲ್ಲ ಎಂದು ಕಿಂಡಿ ಹೇಳಿತು. ಕುರಾನ್ ಓದುವುದರ ಮಾತನ್ನು ಯಾರೂ ಎತ್ತಲಿಲ್ಲ. ಚಹಾ ಆರಿತು. ಖಾಲಾ ತಮ್ಮ ಎರಡೂ ಕೈಗಳನ್ನು ಮಡಿಲಲ್ಲಿ ಅಂಗಾತ ಇಟ್ಟುಕೊಂಡು ನೋಡಿದರು.

"ಇನ್ನು ಉಳಿದಿರೋದು ಇದೇ," ಎಂದರು. "ಸ್ನಾನ ಮಾಡ್ಸೋದು. ಇದನ್ನೇ ಕೊಟ್ಬಿಡ್ಲಾ?"

ಕಿಂಡಿಯಿಂದ ಉಸಿರು ಕೇಳುತ್ತಿತ್ತು, ಸಣ್ಣ ಗರಗಸ ಒದ್ದೆ ಮರವನ್ನು ಕೊಯ್ಯುವ ಹಾಗೆ.

"ಕೊಡು," ಎಂದರು ಜೈತೂನ್ ಬೀ ಕೊನೆಗೆ. "ನಾನು ಕೊಳಕಾಗೇ ಹೋಗ್ತೀನಿ ಅಲ್ಲಾಹನ ಹತ್ರ. ಯಾರು ಹೀಗೆ ಕಳ್ಸಿದ್ದು ಅಂತ ಕೇಳಿದ್ರೆ ನಿನ್ನ ಹೆಸ್ರು, ನಿನ್ನಪ್ಪನ ಹೆಸ್ರು ಎರಡೂ ಹೇಳ್ತೀನಿ." ಮತ್ತೆ ಕೆಮ್ಮು. ಅದು ನಿಂತ ಮೇಲೆ ದನಿ ಬದಲಾಗಿತ್ತು. "ಖೈರೂ. ನನ್ನ ಬೆನ್ನು ನೋಡಿರೋಳು ನೀನೊಬ್ಳೇ. ಅದರ ಮೇಲೆ ಏನಿದೆ ಅಂತ ಈ ಗಲ್ಲಿಗೆ ಗೊತ್ತಾಗೋದು ಬೇಡ. ಬೇರೆಯವರ ಕೈ ನಂಗೆ ಬೇಡ."

ಆ ಬೆನ್ನಿನ ಮೇಲೆ ಏನಿತ್ತೋ ನನಗೆ ತಿಳಿಯದು. ಖಾಲಾ ಹೇಳಲಿಲ್ಲ, ಮುಂದೆಯೂ ಹೇಳುವವರಲ್ಲ. ಸ್ನಾನ ಮಾಡಿಸುವವರು ಕಂಡದ್ದನ್ನು ನೀರಿನ ಜೊತೆಗೇ ಹರಿಯಬಿಡಬೇಕು ಎನ್ನುತ್ತಾರೆ. ಖಾಲಾ ಕೈಗಳನ್ನು ಮಡಿಚಿಕೊಂಡು, ಎಲೆಗಳನ್ನು ಇನ್ನೊಮ್ಮೆ ಹರಡಿ, ನನ್ನ ಕಡೆಗೆ ತಿರುಗಿದರು.

"ಅಳೋದು ನಡೆಯತ್ತಾ ಮಾಸ್ಟರ್?"

ನನಗೆ ತಕ್ಷಣ ಅರ್ಥವಾಗಲಿಲ್ಲ. ಅಳು ಕಲಿತ ವಿದ್ಯೆಯಲ್ಲ, ಹುಟ್ಟಿದ ಮಗುವಿಗೂ ಬರುತ್ತದೆ, ಕಣ್ಣಿನ ಮೇಲಿನ ಗ್ರಂಥಿಯ ಕೆಲಸ ಅದು ಎಂದೆ.

"ಎಲ್ರಿಗೂ ಬರತ್ತೆ. ನೆಟ್ಟಗೆ ಬರಲ್ಲ. ಮಯ್ಯತ್ ಮೇಲೆ ಕಣ್ಣೀರು ಬೀಳ್ಬಾರ್ದು, ಗೊತ್ತಾ? ಬಿದ್ರೆ ಸತ್ತವರಿಗೆ ಭಾರ ಆಗತ್ತೆ. ತೊಳೆಯೋವಾಗ ಬಂತು ಅಂದ್ರೆ ಹಿಡ್ಕೋಬೇಕು. ಕಫನ್ ಬಟ್ಟೆ ಸುತ್ತೋವರೆಗೂ ಹಿಡ್ಕೋಬೇಕು. ದಾರೀಲಿ ಯಾರಾದ್ರೂ ಮಾತಾಡ್ಸಿದ್ರೆ ಮಾತಾಡ್ಬೇಕು. ಮನೆಗೆ ಬಂದು, ಕಾಲು ತೊಳ್ಕೊಂಡು, ಹಿತ್ತಿಲ ಕಲ್ಲಿನ ಮೇಲೆ ಕೂತು ಆಗ ಬಿಡಬೇಕು. ಮನೆಯವರಿಗೆ ಕೇಳಿಸ್ಬಾರ್ದು. ಆಮೇಲೆ ಎದ್ದು ಊಟ ಮಾಡ್ಬೇಕು. ಇಷ್ಟು ಕಲಿಯೋಕೆ ನಂಗೆ ಎಷ್ಟು ವರ್ಷ ಹಿಡೀತು ಅಂತೀರಿ? ಮೊದಮೊದಲು ಅನ್ನದ ತಟ್ಟೆ ಮುಂದೆ ಬಂದ್ಬಿಡ್ತಿತ್ತು."

ತಸ್ನೀಮ್ ಅತ್ತೆಯ ಮುಖವನ್ನೇ ನೋಡುತ್ತಿದ್ದಳು. "ಎಲ್ರಿಗೂ ಅಳ್ತಿದ್ರಾ ಅಮ್ಮೀ? ಆ ಬಡ್ಡಿ ಸಾರಾ ಬೀಗೂ?"

"ಅವಳಿಗೆ ಜಾಸ್ತಿ ಹೊತ್ತು ಹಿಡೀತು. ಅಳೋಕೆ ಅವಳ ಮನೇಲಿ ಯಾರೂ ಇರ್ಲಿಲ್ಲ."

"ಇವಳಷ್ಟು ಚೆನ್ನಾಗಿ ಅಳೋರು ಈ ಊರಲ್ಲೇ ಇಲ್ಲ," ಎಂದರು ಜೈತೂನ್ ಬೀ ಕಿಂಡಿಯಲ್ಲಿ, ಹೆಮ್ಮೆಯಿಂದ. "ಕಿಂಡಿ ಇರೋದ್ರಿಂದ ನಂಗೊಬ್ಳಿಗೆ ಕೇಳಿಸ್ತಿತ್ತು. ಮಾಸ್ಟರ್, ಅದು ನಡೆಯತ್ತೆ."

ಮೂರು ಪರೀಕ್ಷೆಗಳಲ್ಲೂ ಅದು ಪಾಸಾಗಿತ್ತು. ಆದರೂ ನನಗೆ ಅಳುಕಿತ್ತು. ಭಟ್ಟಿ ಇಳಿಸುವ ಪಾತ್ರೆಯಲ್ಲಿ ಹಬೆ ಹೊರಹೋಗುವ ನಳಿಕೆ ಬಹಳ ಸಣ್ಣದು, ಯಾವ ಕೆಲಸಕ್ಕೂ ಬಾರದಂತೆ ಕಾಣುತ್ತದೆ. ಅದನ್ನು ಮಾತ್ರ ಎಂದೂ ಮುಚ್ಚಬಾರದು ಎಂದು ಪ್ರತಿ ವರ್ಷ ಮೊದಲ ಪಾಠದಲ್ಲೇ ಮಕ್ಕಳಿಗೆ ಹೇಳುತ್ತೇನೆ. "ಖಾಲಾ, ಅದು ನಿಮ್ಮ ಕೆಲಸದ ಒಂದು ಭಾಗವೇ ಇರ್ಬೋದಲ್ವಾ?" ಎಂದೆ.

"ಕೆಲಸ ಮುಗಿದ ಮೇಲಿಂದು ಅದು. ಊಟ ಆದ್ಮೇಲೆ ಪಾತ್ರೆ ತೊಳ್ದ ಹಾಗೆ. ಪಾತ್ರೆ ತೊಳೀದೆ ಇಟ್ರೆ ಯಾರಾದ್ರೂ ಸಾಯ್ತಾರಾ?" ಅವರು ಎಲೆಗಳ ನಡುವಿನ ಕಡ್ಡಿಯೊಂದನ್ನು ಆರಿಸಿ ಎಸೆದರು. "ನನ್ನ ಕೈ ಉಳಿದ್ರೆ ಸಾಕು ಮಾಸ್ಟರ್. ಅವಳಿಗೆ ಮಾತು ಕೊಟ್ಟಿದ್ದೀನಿ. ನೀವು ಅರ್ಥ ಹೇಳಿ."

ಅವರು ತಲೆಯ ಮೇಲೆ ಸೆರಗು ಎಳೆದುಕೊಂಡು ನನ್ನ ಎದುರು ಕೂತರು. ಹಾಗೆ ಕೂರಬೇಕೆಂದು ನಿಯಮವೇನಿಲ್ಲ, ಎಲ್ಲರೂ ಹಾಗೇ ಕೂರುತ್ತಾರೆ. ನಾನು ಶುರುಮಾಡಿದೆ.

"ಒಬ್ಬ ಹೆಂಗಸು ಇದ್ದಾಳೆ ಅಂತ ಇಟ್ಕೊಳ್ಳಿ ಖಾಲಾ. ಸತ್ತವರಿಗೋಸ್ಕರ ಅಳೋಕೆ ಚೆನ್ನಾಗಿ ಕಲ್ತವಳು. ಅವಳಿಗೆ ಬೇಕಾದವರೊಬ್ರು ತೀರ್ಕೊಂಡಿದ್ದಾರೆ. ಅವಳು ಅಳೋಕೆ ಹೋಗ್ತಾಳೆ. ಬಾಗಿಲಲ್ಲಿ ತಡೆದು, ನೀನು ಬೇಡ, ಅಳೋಕೆ ನಿನಗೆ ಯೋಗ್ಯತೆ ಇಲ್ಲ ಅಂತಾರೆ."

"ಯಾರು ಹಾಗನ್ನೋರು?"

"ಯಾರು ಅಂತ ಕಾಣಿಸಲ್ಲ."

"ಅವಳೇನು ತಪ್ಪು ಮಾಡಿದ್ಲು?"

"ತಪ್ಪು ಮಾಡಿಲ್ಲ. ತಪ್ಪಿದ್ರೆ ಮಾಫಿ ಕೇಳ್ಬೋದಿತ್ತು."

"ಕಲಿತು ಬಂದ್ರೆ?"

"ಏನು ಕಲೀಬೇಕು, ಎಲ್ಲಿ ಕಲಿಸ್ತಾರೆ ಅಂತ ಹೇಳಲ್ಲ. ಇಷ್ಟು ವರ್ಷ ಅತ್ತಿದ್ದು ಲೆಕ್ಕಕ್ಕಿಲ್ಲ ಅಂತಾರೆ."

"ಸರಿ, ಬಾಗಿಲಲ್ಲಿ ಬೇಡ. ಮನೆಗೆ ಬಂದು ಒಬ್ಳೇ ಕೂತು ಅಳ್ತಾಳೆ. ಅದಕ್ಕೆ ಯಾರ ಅಪ್ಪಣೆ?"

"ಅಲ್ಲೂ ಅವಳ ಹಿಂದೆ ಬರತ್ತೆ ಆ ಮಾತು. ಅವಳಿಗೇ ಅನ್ನಿಸೋಕೆ ಶುರುವಾಗತ್ತೆ, ಹೌದು, ನಾನ್ಯಾರು ಅಳೋಕೆ ಅಂತ."

ಅವರ ಕಣ್ಣು ನನ್ನ ಮೇಲೆಯೇ ಇತ್ತು, ನೋಟ ಮಾತ್ರ ಒಳಕ್ಕೆ ಸರಿಯಿತು. ನಾನು ಈ ಕೆಲಸದಲ್ಲಿ ಕಂಡ ಅತ್ಯಂತ ಕಷ್ಟದ ಗಳಿಗೆ ಅದು. ಅರ್ಥವಾದಾಗ ಮಕ್ಕಳ ಮುಖ ಬೆಳಗುತ್ತದೆ. ಇಲ್ಲಿ ಹಾಗಲ್ಲ.

"ಹೌ," ಎಂದರು. "ಸಮ್ಜಿ. ಅರ್ಥ ಆಯ್ತು."

ಒದ್ದೆ ಬಟ್ಟೆಯಲ್ಲಿ ಒರೆಸಿದ ಕಪ್ಪುಹಲಗೆ ಆರುವ ಹಾಗೆ ಗೋಡೆಯ ನೀಲಿ ಅಂಚಿನಿಂದ ನಡುವಿಗೆ ಆರಿಹೋಯಿತು. ತಸ್ನೀಮ್ ತಣ್ಣಗಾದ ಚಹಾ ಎತ್ತಿಕೊಂಡು ಒಳಗೆ ಹೋದಳು. ಜೈತೂನ್ ಬೀ ಕಿಂಡಿಯೊಳಗೆ ಕೈ ತೂರಿಸಿದರು. ಬಳೆಗಳು ಸಡಿಲವಾಗಿ ಮೊಣಕೈವರೆಗೆ ಜಾರಿದವು. ಖಾಲಾ ಎದ್ದು ಹೋಗಿ ಆ ಕೈ ಹಿಡಿದುಕೊಂಡರು. ನಾನು ಶಾಲೆಗೆ ಹಿಂತಿರುಗಿದೆ.

ಜೈತೂನ್ ಬೀ ಮರುದಿನದ ಸಂತೆ ದಾಟಿದರು, ಅದರ ಮುಂದಿನದನ್ನು ದಾಟಲಿಲ್ಲ. ಹಗಲಿನಲ್ಲಿ, ಗಂಜಿ ಕುಡಿದು ಲೋಟ ಕಿಂಡಿಯಲ್ಲಿಟ್ಟು, ಮಗ್ಗುಲಾದವರು ಏಳಲಿಲ್ಲ. ನಾನು ಗಂಡಸರ ಜೊತೆ ಬೀದಿಯಲ್ಲಿ ಬೆಂಚಿನ ಮೇಲೆ ಕೂತಿದ್ದೆ. ಒಳಗೆ ಕಾಯಿಸಿದ ಬೋರೆ ಎಲೆಯ ವಾಸನೆ, ಕರ್ಪೂರದ ವಾಸನೆ, ತಂಬಿಗೆಯಿಂದ ನೀರು ಬೀಳುವ ಸದ್ದು. ಆ ಸದ್ದಿನಲ್ಲಿ ಅವಸರ ಇರಲಿಲ್ಲ. ನಿಲ್ಲುತ್ತಿತ್ತು, ಮತ್ತೆ ಬೀಳುತ್ತಿತ್ತು. ಒಳಗೆ ನಡೆದದ್ದನ್ನು ಹೇಳಿದವಳು ತಸ್ನೀಮ್. ಖಾಲಾ ಅವಳೊಬ್ಬಳನ್ನೇ ನೀರು ಕೊಡಲು ಒಳಗೆ ಬಿಟ್ಟು, ಉಳಿದವರನ್ನು ಪರದೆಯ ಆಚೆ ನಿಲ್ಲಿಸಿದ್ದರು. ಬೆನ್ನಿನ ಸರದಿ ಬಂದಾಗ ಅವಳನ್ನೂ ಗೋಡೆಯ ಕಡೆಗೆ ತಿರುಗಿ ನಿಲ್ಲಲು ಹೇಳಿದ್ದರು. ಪ್ರತಿ ತಂಬಿಗೆಯ ನೀರನ್ನೂ ಮುಂಗೈ ಮೇಲೆ ಸುರಿದು ನೋಡುತ್ತಿದ್ದರು. ಬಲಗಡೆ ಮೊದಲು, ಆಮೇಲೆ ಎಡಗಡೆ. ಕೂದಲನ್ನು ಮೂರು ಜಡೆ ಮಾಡಿದರು. ಒಮ್ಮೆ ಮಾತ್ರ ಕಿವಿಯ ಹತ್ತಿರ ಬಾಗಿ, "ಬೆಚ್ಚಗಿದೆಯಾ?" ಎಂದು ಕೇಳಿದರು.

ಪರದೆ ಸರಿದಾಗ ಗಲ್ಲಿಯ ಹೆಂಗಸರೆಲ್ಲ ಅತ್ತರು. ಖಾಲಾ ಕೈ ಒರೆಸಿಕೊಂಡು ಪಕ್ಕಕ್ಕೆ ನಿಂತರು. ಹೆಣ ಹೊತ್ತ ಜನಾಜಾ ಹೊರಟಾಗಲೂ ಹಾಗೇ ನಿಂತಿದ್ದರು. ಮನೆಗೆ ಬಂದು, ಕಾಲು ತೊಳೆದುಕೊಂಡು, ಹಿತ್ತಿಲ ಕಲ್ಲಿನ ಮೇಲೆ ಕೂತರು. ಅಳು ಬರಲಿಲ್ಲ. ಕೂತೇ ಇದ್ದರು. ತಸ್ನೀಮ್ ಊಟಕ್ಕೆ ಕರೆದಳು. "ಇರು, ಅವಳು ಇನ್ನೂ ಹೋಗಿಲ್ಲ," ಎಂದರಂತೆ.

ಯಾರು ಹೋಗಿಲ್ಲ ಎಂಬುದು ಅವಳಿಗೆ ತಿಳಿದದ್ದು ನಿಧಾನವಾಗಿ. ಮೊದಲಿನಿಂದಲೂ ಖಾಲಾ ಸ್ನಾನ ಮಾಡಿಸಿದ ಪ್ರತಿ ಸತ್ತ ಹೆಂಗಸೂ ಅವರ ಹಿಂದೆಯೇ ಮನೆಯವರೆಗೆ ಬರುತ್ತಿದ್ದಳು, ಅವರು ಅತ್ತ ಮೇಲೆ ಎದ್ದು ಹೊರಡುತ್ತಿದ್ದಳು. ಹೀಗೆ ಖಾಲಾ ಹೇಳಿದರು, ನೆರೆಯವರ ಬಂದುಹೋಗುವಿಕೆಯನ್ನು ಹೇಳುವಷ್ಟು ಸಹಜವಾಗಿ. ಈಗ ಜೈತೂನ್ ಬೀ ಅಡುಗೆಮನೆಯ ಹೊಸ್ತಿಲ ಮೇಲೆ ಕೂತಿದ್ದಾರೆ, ಕೆಮ್ಮುವುದಿಲ್ಲ, ಮಾತಾಡುವುದಿಲ್ಲ. ಆಮೇಲೆ ಬಾಣಂತಿಯೊಬ್ಬಳು ತೀರಿಕೊಂಡಳು. ಅವಳೂ ಬಂದು ಕೂತಳು. ಆಮೇಲೆ ಕೋಟೆ ಬಾಗಿಲ ಹತ್ತಿರದ ಮುದುಕಿ. ಖಾಲಾ ಹೊಸ್ತಿಲು ದಾಟುವಾಗ ಯಾರದೋ ಲಂಗದ ಅಂಚು ತುಳಿಯಬಾರದೆಂಬಂತೆ ಕಾಲು ಎತ್ತಿ ಇಡುತ್ತಿದ್ದರು. ಊಟ ಕಡಿಮೆಯಾಯಿತು. ಬೈಗುಳ ನಿಂತಿತು. "ಬೈಯೋದನ್ನ ಕೊಡಿ ಅಂತ ನಾನೇ ಹೇಳಿದ್ದೆ ಸರ್," ಎಂದಳು ತಸ್ನೀಮ್, "ಅದೂ ಹೋಯ್ತು ನೋಡಿ, ಕೇಳದೇನೇ."

ಗಲ್ಲಿ ಬೇರೆಯೇ ಮಾತಾಡಿತು. ಜೊತೆಗಾತಿ ಸತ್ತರೂ ಒಂದು ಹನಿ ಹಾಕಲಿಲ್ಲ, ಕಲ್ಲು ಎಂದರು. ಏನು ಕೊಟ್ಟರು ಎಂಬುದನ್ನು ಬೇರೆಯವರಿಗೆ ಹೇಳುವ ಪದ್ಧತಿಯಿಲ್ಲ. ಹಾಗಾಗಿ ನಾನು ಸುಮ್ಮನಿದ್ದೆ, ತಸ್ನೀಮ್ ಸುಮ್ಮನಿದ್ದಳು. ಸ್ನಾನ ಮಾಡಿಸಲು ಖಾಲಾರನ್ನು ಕರೆಯುವುದನ್ನೇನೂ ಗಲ್ಲಿಯವರು ಬಿಡಲಿಲ್ಲ, ಬೇರೆ ಯಾರಿದ್ದರು? ಆದರೆ ಖಾಲಾ ಬೀದಿಯಲ್ಲಿ ಬಂದರೆ ಬಾಣಂತಿಯರನ್ನು ಒಳಗೆ ಕರೆದುಕೊಳ್ಳುತ್ತಿದ್ದರು.

ಒಂದು ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಖಾಲಾ ನನ್ನ ತರಗತಿಗೆ ಬಂದರು. ಮೊದಲನೆಯ ಬೆಂಚಿನಲ್ಲಿ ಕೂತರು. ಅದು ಮಕ್ಕಳ ಬೆಂಚು, ಆದರೂ ಅದರಲ್ಲಿ ಅವರಿಗೆ ಜಾಗ ಸಾಕಾಯಿತು. ಅಷ್ಟು ಸೊರಗಿದ್ದರು.

"ಮಾಸ್ಟರ್, ನೀವು ಆ ಪದ ಅರ್ಥ ಹೇಳಿದ್ರಿ, ಅಳು ಹೋಯ್ತು," ಎಂದರು. "ಈಗ ಅಳು ಅಂದ್ರೇನು ಅಂತ ಅರ್ಥ ಹೇಳಿ. ನೆಟ್ಟಗೆ ಸಮಝ್ ಆದ್ರೆ ಬರ್ಬೋದೇನೋ."

ಹೋದದ್ದು ಹಾಗೆ ಬಂದ ಉದಾಹರಣೆ ನಮ್ಮ ಊರಿನಲ್ಲಿ ಇಲ್ಲ. ಅವರಿಗೂ ಅದು ಗೊತ್ತಿತ್ತು. ಆದರೆ ವಿದ್ಯಾರ್ಥಿಯೊಬ್ಬರು ಬೆಂಚಿನಲ್ಲಿ ಬಂದು ಕೂತ ಮೇಲೆ ಮೇಷ್ಟರು ಮಾಡುವುದೇನು? ನಾನು ಹಲಗೆಯ ಮೇಲೆ ಕಣ್ಣು ಬರೆದೆ. ಮೇಲೆ ಹೊರಮೂಲೆಯಲ್ಲಿ ಗ್ರಂಥಿ, ಒಳಮೂಲೆಯಲ್ಲಿ ಮೂಗಿಗೆ ಇಳಿಯುವ ಸಣ್ಣ ಕಾಲುವೆ. ನೀರು, ಉಪ್ಪು ಎಂದೆ. ಅವರು ಎಲ್ಲವನ್ನೂ ನೋಡಿದರು.

"ಇದು ನೀರು ಹೇಗೆ ಬರತ್ತೆ ಅನ್ನೋದು. ಯಾಕೆ ಬರತ್ತೆ?"

ದುಃಖವಾದಾಗ ಎಂದೆ. ದುಃಖ ಇದೆ, ಅದು ಮನೆ ತುಂಬ ಕೂತಿದೆ ಎಂದರು. ಯಾರಾದರೂ ಇನ್ನು ಬರುವುದಿಲ್ಲ ಎಂದು ತಿಳಿದಾಗ ಎಂದೆ. ಗೊತ್ತು, ಗಂಜಿಯ ಲೋಟ ಇನ್ನೂ ಕಿಂಡಿಯಲ್ಲೇ ಇದೆ ಎಂದರು. ನಾನು ಸೀಮೆಸುಣ್ಣ ಹಿಡಿದು ನಿಂತೆ. ಉರ್ದುವಿನಲ್ಲಿ ಕಾರಣಗಳು ಮುಗಿದಾಗ ಕನ್ನಡದಲ್ಲಿ ಹುಡುಕಿದೆ. ಅಲ್ಲೂ ಇರಲಿಲ್ಲ. ಹೊರಗೆ ಅಂಗಳದಲ್ಲಿ ಯಾರೋ ಮಕ್ಕಳು ಸಿಳ್ಳೆ ಕಲಿಯುತ್ತಿದ್ದರು, ಸರಿಯಾಗಿ ಬರದೆ ನಗುತ್ತಿದ್ದರು.

"ಮಿಸಾಲ್ ಕೊಡಿ ಮಾಸ್ಟರ್," ಎಂದರು ಖಾಲಾ. "ನೀವು ಉದಾಹರಣೆ ಕೊಟ್ರೆ ನಂಗೆ ಯಾವತ್ತೂ ಅರ್ಥ ಆಗತ್ತೆ."

ಉದಾಹರಣೆ ಕೊಡುವುದು ನನ್ನ ಕೆಲಸ. ನನ್ನ ಹತ್ತಿರ ಬೇರೆ ಉದಾಹರಣೆ ಇರಲಿಲ್ಲ. ಕೊಟ್ಟೆ.

ಅವರು ಬೆಂಚಿನಿಂದ ಎದ್ದು ಹತ್ತಿರ ಬಂದರು. ನನ್ನ ಮುಖವನ್ನು ಬಹಳ ಗಮನವಿಟ್ಟು ನೋಡಿದರು, ತಮಗೆ ಬರುತ್ತಿದ್ದ ಕಸೂತಿಯನ್ನು ಬೇರೆಯವರು ಹಾಕುವಾಗ ನೋಡುವ ಹಾಗೆ. ಎಲ್ಲಿ ಶುರುವಾಗುತ್ತದೆ, ಎಲ್ಲಿ ತಡೆಯುತ್ತದೆ, ಎಲ್ಲಿ ಕೈ ಮೀರುತ್ತದೆ. ಅವರ ಕಣ್ಣು ಒಣಗಿಯೇ ಇತ್ತು. ಕೊನೆಗೆ ಮುಂಗೈಯನ್ನು ನನ್ನ ಗಲ್ಲದ ಕೆಳಗೆ ಹಿಡಿದು, ಬಿದ್ದ ಹನಿಯನ್ನು ಅದರ ಮೇಲೆ ಇರಗೊಟ್ಟರು.

"ಬೆಚ್ಚಗಿದೆ, ಬೇಟಾ," ಎಂದರು. "ಸರಿಯಾಗಿದೆ."

ಸೆರಗಿನ ತುದಿ ತೆಗೆದುಕೊಂಡು ನನ್ನ ಮುಖ ಒರೆಸಿದರು. ಬಲಗೆನ್ನೆ ಮೊದಲು, ಆಮೇಲೆ ಎಡಗೆನ್ನೆ.